ಕಲ್ಕತ್ತೆಯ ಒಲೆಯ ಹೊಗೆ

ಕಾರ್ಖಾನೆಯ ಹೊಗೆ ನಗರಕ್ಕೆ ಸಂಬಂಧಿಸಿದುದು, ಒಲೆಯ ಹೊಗೆ ಆಯಾ ಮನೆಗೆ ಸಂಬಂಧಿಸಿದುದು ಎಂಬ ಭಾವನೆ ಬಹುಕಾಲದಿಂದ ರೂಢಮೂಲವಾಗಿದೆ. ಈ ಭಾವನೆಯ ದೋಷವನ್ನು ತಿಳಿಯಲು, 2001ರಿಂದ ಕೋಲ್ಕತವೆನಿಸಿಕೊಂಡಿರುವ ಕಲ್ಕತ್ತೆಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ರಾಣಿಗಂಜಿನ ಗಣಿಗಳು ದೂರವಿಲ್ಲದುದರಿಂದ ಅಲ್ಲಿ ಗಿರಣಿಯ ಕುಲುಮೆಗೂ ಮನೆಯ ಒಲೆಗೂ ಕಲ್ಲಿದ್ದಲೇ ಇಂಧನವಾಯಿತು.

ಬಂಗಾಳಿಗಳ ‘ಉನುನ್’ ನಮ್ಮ ಅಗ್ಗಿಷ್ಟಿಕೆಗೆ ಹತ್ತಿರದ ನಂಟ. ಎತ್ತಿಕೊಂಡು ಹೋಗಬಹುದಾದ ಉನುನನ್ನು ಕಬ್ಬಿಣದ ಬಕೇಟಿನ ಒಳಮೈಗೆ ಮಣ್ಣು ಮೆತ್ತಿ, ನಡುವೆ ಸರಳುಗಳನ್ನು ಕೂಡಿಸಿ ಮಾಡುತ್ತಿದ್ದರು. ಕೆಳಗೆ ಬೆರಣಿಯನ್ನೋ ಪುರಳೆಯನ್ನೋ ಹೊತ್ತಿಸಿ, ಮೇಲೆ ಕಲ್ಲಿದ್ದಲನ್ನೋ, ಅದರ ಪುಡಿಗೆ ಮಣ್ಣು ಕಲಸಿ ಕಟ್ಟಿದ ‘ಗುಲ್’ ಉಂಡೆಗಳನ್ನೋ ತುಂಬುವುದು ವಾಡಿಕೆ. ಹಸಿ ಕಲ್ಲಿದ್ದಲು ಕಾಯತೊಡಗಿದಾಗ ಅದರೊಳಗಿನ ಟಾರಿನ ಆವಿಗಳು, ತಾವು ಉರಿದುಹೋಗುವಷ್ಟು ಶಾಖ ದೊರೆಯದೆ, ದಟ್ಟವಾದ ಹೊಗೆಯಾಗಿ ಹೊರಬೀಳುತ್ತವೆ. ಎಲ್ಲವೂ ಕೆಂಡವಾದ ಮೇಲೆ ಹೊಗೆ ಇಳಿಯುತ್ತದೆ. ಆದುದರಿಂದ ಗೃಹಿಣಿ ಒಲೆಯನ್ನು ಓಣಿಯಲ್ಲಿ ಹೊತ್ತಿಸಿ, ಹೊಗೆ ತಗ್ಗಿದ ಬಳಿಕ ಒಳಗೊಯ್ಯುತ್ತಿದ್ದಳು. ಜಾಣತನವೇ ಸರಿ. ಆದರೆ ಆ ಹೊಗೆ ನೆರೆಮನೆಯ ಕಿಟಕಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಒಳಗೆ ಬಂದ ಕೆಂಡವಾದರೋ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತಲೇ ಇರುತ್ತಿತ್ತು.

ಚಳಿಗಾಲದ ಸಂಜೆ ಸ್ಥಿತಿ ಇನ್ನೂ ಕೆಡುವುದುಂಟು. ಸೂರ್ಯಾಸ್ತವಾದೊಡನೆ ನೆಲ ಬೇಗನೆ ಆರಿ, ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಮಾತ್ರ ಬೆಚ್ಚಗೇ ಉಳಿದು ಮುಚ್ಚಳದಂತೆ ಕವಿಯುತ್ತದೆ. ಗಾಳಿಯೂ ಬೀಸದಿದ್ದರೆ ಹೊಗೆ ಮೇಲೇರಲಾರದು, ಪಕ್ಕಕ್ಕೂ ಸರಿಯಲಾರದು. ಮನೆಮನೆಯಲ್ಲಿ ರಾತ್ರಿಯ ಅಡುಗೆಗೆ ಒಲೆ ಹೊತ್ತುವುದೂ ಅದೇ ವೇಳೆಯಲ್ಲಿ.

ಹೊಗೆಯ ವಿಷಯದಲ್ಲಿ ಸರಕಾರ ಕುರುಡಾಗಿರಲಿಲ್ಲ. 1863ರಷ್ಟು ಹಿಂದೆಯೇ ಕಲ್ಕತ್ತೆಗೆ ಹೊಗೆಯ ಉಪದ್ರವವನ್ನು ತಡೆಯುವ ಕಾನೂನು ಬಂದಿತು. 1905ರ ಬಂಗಾಳದ ಕಾನೂನಿನ ಮೇರೆಗೆ ಒಂದು ಆಯೋಗವೂ ಚಿಮಣಿಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರುಗಳೂ ಏರ್ಪಟ್ಟರು. ಗಿರಣಿಯ ಚಿಮಣಿಯಿಂದ ಕಪ್ಪು ಹೊಗೆ ಎಷ್ಟು ಹೊತ್ತು ಹೊರಟಿತೆಂದು ಲೆಕ್ಕವಿಡುವುದು ಸಾಧ್ಯ, ಮಾಲೀಕನಿಗೆ ದಂಡ ಹಾಕುವುದೂ ಸಾಧ್ಯ. ಲಕ್ಷಗಟ್ಟಲೆ ಒಲೆಗಳ ಮುಂದೆ ಯಾವ ಇನ್‌ಸ್ಪೆಕ್ಟರು ನಿಂತಾನು? ಮನೆಯ ಒಲೆಗಳು ಕಾನೂನಿನ ಕೈಗೆ ಸಿಗದೆ ಉಳಿದವು. ಅವುಗಳ ಮುಂದೆ ಕುಳಿತವರ ಕೆಮ್ಮು, ಕಣ್ಣುರಿಗಳು ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

ಅಡುಗೆಯ ಅನಿಲ ಬಂದ ಮೇಲೆ ಮಧ್ಯಮವರ್ಗದ ಮನೆಗಳಿಂದ ಉನುನ್ ಮರೆಯಾಯಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡಕುಟುಂಬಗಳಿಗೂ ಸಿಲಿಂಡರನ್ನು ತಲುಪಿಸಿತು. ಖಾಲಿಯಾದುದನ್ನು ಮತ್ತೆ ತುಂಬಿಸಿಕೊಳ್ಳುವ ಖರ್ಚು ಬೇರೆ ಮಾತು.

ಇಂಧನ ಬದಲಾದ ಮಾತ್ರಕ್ಕೆ ಅಡುಗೆಯ ಹೊಗೆ ನಿಂತಿತೆನ್ನಲಾಗದು. ಬಂಗಾಳಿ ಅಡುಗೆಯಲ್ಲಿ ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸುವುದು ಪದ್ಧತಿ. ಹಾಗೆ ಮಾಡದೆ ಅದರ ಹಸಿ ಘಾಟು ಹೋಗದು. ಒಗ್ಗರಣೆಯ ಮೆಣಸಿನಕಾಯಿಗೆ ಮನೆಯವರೆಲ್ಲ ಸೀನುವ ನಾವು ಇದನ್ನು ಟೀಕಿಸುವ ಸ್ಥಿತಿಯಲ್ಲಿಲ್ಲ. ಕಾದ ಎಣ್ಣೆಯಿಂದ ಅತಿಸೂಕ್ಷ್ಮ ಕಣಗಳೂ, ಕಣ್ಣುರಿಸುವ ಅಕ್ರೋಲೀನ್ ಮೊದಲಾದ ಆವಿಗಳೂ ಏಳುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದೂ, ಅತಿಶಾಖದಲ್ಲಿ ಕರಿಯುವಾಗಿನ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಅನಿಲದ ಜ್ವಾಲೆಯೂ ಸ್ವಲ್ಪಮಟ್ಟಿಗೆ ನೈಟ್ರೋಜನ್ ಡೈಆಕ್ಸೈಡನ್ನು ಉಂಟುಮಾಡುತ್ತದೆ. ಕಿಟಕಿಯ ಮೇಲಿನ ಫ್ಯಾನು ಇವೆಲ್ಲವನ್ನೂ ಹೊರಕ್ಕೆ ನೂಕುತ್ತದೆ, ಹಿಂದೆ ಉನುನನ್ನು ಹೊತ್ತಿಸುತ್ತಿದ್ದ ಅದೇ ಓಣಿಗೆ.