ಹೆಗಲು ಕೊಡಲು ಬಂದವರು

ಅಪ್ಪ ಬೀರುವಿನ ಬಾಗಿಲ ಒಳಗಡೆ ಅಂಟಿಸಿಟ್ಟಿದ್ದ ಚೀಟಿಯಲ್ಲಿ ನಾಲ್ಕೇ ಸಾಲು. ಮಂತ್ರ ಬೇಡ. ತಿಥಿ ಬೇಡ. ಕಣ್ಣು ದಾನ ಮಾಡಿ. ದೇಹ ಮೆಡಿಕಲ್ ಕಾಲೇಜಿಗೆ ಕೊಡಿ. 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು. ದೇವರ ವಿಷಯದಲ್ಲಿ ಅವರ ನಿಲುವು ಮನೆಯವರಿಗೆಲ್ಲ ಗೊತ್ತಿತ್ತು.

ಬೆಳಗಿನ ಜಾವ ಅವರು ಹೋದಾಗ ಆ ಚೀಟಿ ಹೇಳಿದಂತೆ ನಡೆದುಕೊಂಡೆವು. ಕಣ್ಣನ್ನು 6 ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಡಬೇಕು. ವೈದ್ಯರ ಮರಣ ಪ್ರಮಾಣಪತ್ರವಿಲ್ಲದೆ ಕಾಲೇಜಿನವರು ದೇಹ ತೆಗೆದುಕೊಳ್ಳುವುದಿಲ್ಲ. ಮರಣೋತ್ತರ ಪರೀಕ್ಷೆಯಾಗಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬದುಕಿದ್ದಾಗ ಬರೆದುಕೊಟ್ಟ ಕಾಗದ ಎಷ್ಟೇ ಗಟ್ಟಿಯಾಗಿರಲಿ, ಮನೆಯವರು ಹೂಂ ಅನ್ನದೆ ದಾನ ನಡೆಯುವುದು ಕಷ್ಟ. ಈ ಮಾತನ್ನು ನಿಮ್ಮ ಅಪ್ಪ, ಅಮ್ಮ ಕಾಫಿ ಕುಡಿಯುತ್ತ ಕೂತಿರುವಾಗಲೇ ಆಡಿ ಮುಗಿಸಿ.

ನಾಟಕಕಾರ ಗಿರೀಶ ಕಾರ್ನಾಡರೂ ಅಪ್ಪನ ಹಾಗೆಯೇ ಶಾಸ್ತ್ರ ಬೇಡ ಅಂದಿದ್ದರು. ಅವರು 2019ರ ಜೂನ್ 10ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಮೆರವಣಿಗೆ, ಸರ್ಕಾರಿ ಗೌರವ, ಶಾಸ್ತ್ರ ಯಾವುದೂ ಇಲ್ಲದೆ ಬೆಂಗಳೂರಿನ ಕಲ್ಪಳ್ಳಿ ವಿದ್ಯುತ್ ಚಿತಾಗಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಅಲ್ಲಾದರೂ ಜನ ಚಿತಾಗಾರದವರೆಗೆ ಹೋಗಿ ನಿಲ್ಲಬಹುದಿತ್ತು. ನಮ್ಮ ಮನೆಗೆ ಆಂಬುಲೆನ್ಸ್ ಬಂತು, ಹತ್ತು ನಿಮಿಷದಲ್ಲಿ ಹೋಯಿತು. ಅಂಗಳದಲ್ಲಿದ್ದ ಅಷ್ಟೂ ಜನ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಊರಿಂದ ಬಂದಿದ್ದ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ, "ತಮ್ಮನಿಗೆ ಹೆಗಲೂ ಕೊಡ್ಲಿಲ್ವಲ್ಲೋ" ಅಂದರು.

ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಏನು ಬೇಡ ಎಂದು ಅಪ್ಪ ಬರೆದಿದ್ದರು. ಏನು ಬೇಕು ಎಂದು ನಾವು ಕೇಳಿರಲೇ ಇಲ್ಲ. ಚಟ್ಟ ಕಟ್ಟುವುದು, ಬಾಯಿಗೆ ಅಕ್ಕಿ ಹಾಕುವುದು, ಮಡಕೆ ಒಡೆಯುವುದು, ನಂಬಿಕೆ ಇರಲಿ ಬಿಡಲಿ, ಇವೆಲ್ಲ ಸಂಕಟದಲ್ಲಿರುವವರ ಕೈಗೆ ಕೆಲಸ ಕೊಡುತ್ತವೆ. ಅವನ್ನು ತೆಗೆದ ಮೇಲೆ ಆ ಜಾಗದಲ್ಲಿ ಇನ್ನೇನನ್ನಾದರೂ ಇಡುವ ಹೊಣೆ ಮಕ್ಕಳದು.

ಹನ್ನೊಂದನೆಯ ದಿನ ನುಡಿನಮನ ಇಟ್ಟುಕೊಂಡೆವು. ಮಾತಾಡಲು ಐದೇ ಜನ. ಹೊಗಳಬೇಡಿ, ನೆನಪಿಗೆ ಬರುವ ಒಂದು ಪ್ರಸಂಗ ಹೇಳಿ ಅಂದಿದ್ದೆವು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಅದು ಅವಳ ದೀಪ, ತಡೆಯಲು ನಾವು ಯಾರು? ಊಟವಾದ ಮೇಲೆ ಅಪ್ಪನ ಪುಸ್ತಕಗಳನ್ನೆಲ್ಲ ತಗಡಿನ ಟ್ರಂಕಿಗೆ ತುಂಬಿ, ಅವರು ಪಾಠ ಹೇಳಿದ ಶಾಲೆಗೆ ನಡೆದೇ ಹೊರಟೆವು. ನಾಲ್ಕು ಜನ ಹೊರುವಷ್ಟು ಭಾರ. ಹುಡುಗರು ಬೇಡವೆಂದರೂ ಕೇಳದೆ ದೊಡ್ಡಪ್ಪ ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಟ್ರಂಕಿನ ಮುಂದಿನ ತುದಿಗೆ ಬಂದು ನಿಂತರು.