ನಿಮಗಿದು ಗೊತ್ತೆ? ಹೆಡ್‌ಮಾಸ್ತರರಿಗೂ ಒಂದು ಸಂಘ!

ಶಾಲೆಯನ್ನೇ ನಡುಗಿಸುವ ಹೆಡ್‌ಮಾಸ್ತರರಿಗೂ ಒಮ್ಮೆ ನಡುಕ ಹುಟ್ಟಿತ್ತು. 1869ರಲ್ಲಿ, ದತ್ತಿ ಹಣದಿಂದ ನಡೆಯುತ್ತಿದ್ದ ಇಂಗ್ಲೆಂಡಿನ ಹಳೆಯ ಶಾಲೆಗಳ ಆಡಳಿತಕ್ಕೆ ಸರ್ಕಾರ ಕೈಹಾಕುವ ಕಾನೂನು ಬಂತು. ಶಾಲೆಗಳ ಸ್ವಾತಂತ್ರ್ಯಕ್ಕೆ ಕುತ್ತು ಬಂತೆಂದು ಅಪಿಂಗ್‌ಹ್ಯಾಮ್ ಶಾಲೆಯ ಎಡ್ವರ್ಡ್ ಥ್ರಿಂಗ್ ಆ ಡಿಸೆಂಬರ್‌ನಲ್ಲಿ ಇತರ ಮುಖ್ಯಸ್ಥರನ್ನು ತಮ್ಮೂರಿಗೆ ಕರೆದರು. ಬಂದವರು ಹತ್ತು-ಹನ್ನೆರಡು ಮಂದಿಯಷ್ಟೆ. ಸಮಾಲೋಚನೆಗೆ, ಒಕ್ಕೊರಲಿನಿಂದ ಮಾತಾಡುವುದಕ್ಕೆ ಹೀಗೆ ಹುಟ್ಟಿತು ‘ಹೆಡ್‌ಮಾಸ್ಟರ್ಸ್ ಕಾನ್ಫರೆನ್ಸ್’. ಹೆಸರೇ ಹೇಳುವಂತೆ ಅದು ಗಂಡಸರ ಕೂಟ. ಹೆಡ್‌ಮಿಸ್ಟ್ರೆಸ್‌ಗಳೇನು ಕಡಿಮೆಯೆ? 1874ರಲ್ಲಿ ಫ್ರಾನ್ಸಿಸ್ ಬಸ್, ಡೊರೊಥಿಯಾ ಬೀಲ್ ಮುಂದಾಗಿ ತಮ್ಮದೇ ಸಂಘ ಕಟ್ಟಿದರು. ಬಸ್ ಅವರೇ ಮೊದಲ ಅಧ್ಯಕ್ಷೆ. ಥ್ರಿಂಗ್ ಕಟ್ಟಿದ ಸಂಘದ ಹೆಸರಿನೊಳಗೆ ‘ಹೆಡ್‌ಮಿಸ್ಟ್ರೆಸ್’ ಎಂಬ ಪದ ನುಸುಳಿದ್ದು ಮಾತ್ರ 1996ರಲ್ಲಿ!