ದುಡ್ಡು ಹೋಯಿತು, ಸೀಟೆಲ್ಲಿ?

ಪ್ರಶ್ನೆ: ರೈಲಿನಲ್ಲಿ ಎರಡು ಸೀಟು ಖಾಲಿ ಅಂತ ತೋರಿಸಿತು. ದುಡ್ಡು ಕಟ್ಟಿದ ಮೇಲೆ ವೇಟಿಂಗ್ ಲಿಸ್ಟ್! ಮೊದಲೇ ನೋಡಿಕೊಳ್ಳಬಾರದೇ?

ಉತ್ತರ: ನೋಡಿಯೇ ಇರುತ್ತದೆ. ಆದರೆ ನೋಡುವುದು ಬೇರೆ, ಹಿಡಿದಿಡುವುದು ಬೇರೆ. ತೆರೆಯ ಮೇಲಿನ ‘2’ ಆ ಕ್ಷಣದ ಲೆಕ್ಕ. ಒಟಿಪಿ ಬರಲಿ ಅಂತ ನೀವು ಫೋನ್ ದಿಟ್ಟಿಸುತ್ತಿರುವಾಗ ಇನ್ಯಾರೋ ಹಣ ಕಟ್ಟಿ ಮುಗಿಸಿರುತ್ತಾರೆ. ಐಆರ್‌ಸಿಟಿಸಿಯಲ್ಲಿ ಸೀಟು ಹಂಚಿಕೆಯಾಗುವುದು ಹಣ ಸಂದಾಯವಾದ ಮೇಲೆಯೇ.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಆ ಸೌಕರ್ಯ ಸಿನಿಮಾ ಟಿಕೆಟ್ ಆ್ಯಪ್‌ಗಳಲ್ಲಿದೆ: ಆರಿಸಿದ ಕುರ್ಚಿಯನ್ನು ಕೆಲವು ನಿಮಿಷ ನಿಮಗೇ ಮೀಸಲಿಟ್ಟು ಗಡಿಯಾರ ಓಡಿಸುತ್ತಾರೆ. ರೈಲಿನ ಕೊನೆ ಗಳಿಗೆಯ ತತ್ಕಾಲ್ ಬುಕಿಂಗ್‌ನಲ್ಲಿ ಇದು ನಡೆಯಲಿಕ್ಕಿಲ್ಲ. ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್ ಬುಕಿಂಗ್ ತೆರೆದದ್ದೇ ಎಲ್ಲರೂ ಟವೆಲ್ ಎಸೆದು, ಅರ್ಧ ಜನ ಹಣ ಕಟ್ಟದೆ ಎದ್ದುಹೋದರೆ? ಕಟ್ಟಲು ಸಿದ್ಧವಿದ್ದವರು ಸುಮ್ಮನೆ ನಿಲ್ಲಬೇಕಾಗುತ್ತದೆ. (ಕಂಡಕ್ಟರಿಗೂ ಬಗೆಹರಿಯದ ಟವೆಲ್ ಜಗಳ ನಮಗೆ ಗೊತ್ತಿಲ್ಲದ್ದೇ?)

ಹಾಗಾದರೆ ಉಪಾಯ? ಪ್ರಯಾಣಿಕರ ವಿವರ ತುಂಬುವಾಗ, ಖಚಿತ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಎಂಬರ್ಥದ ಚೌಕವೊಂದು ಕಾಣುತ್ತದೆ. ಅದಕ್ಕೆ ಗುರುತು ಹಾಕಿ. ಬರ್ತ್ ಸಿಗದಿದ್ದರೆ ಟಿಕೆಟ್ ಆಗುವುದಿಲ್ಲ, ಹಣ ಖಾತೆಗೆ ಮರಳುತ್ತದೆ. ಐಆರ್‌ಸಿಟಿಸಿಯ ಇ-ವಾಲೆಟ್‌ನಲ್ಲಿ ಮೊದಲೇ ದುಡ್ಡು ತುಂಬಿಟ್ಟಿದ್ದರೆ ಬ್ಯಾಂಕಿನ ಪುಟಕ್ಕೆ ಹೋಗಿಬರುವ ಹೊತ್ತೂ ಉಳಿಯುತ್ತದೆ.